ಜೇನಿಗೆ ಗಣಿತ ಬರುತ್ತಾ? ಎರಿ, ಬಲೆ, ಮೊಟ್ಟೆ, ಚಿಪ್ಪುಗಳ ಲೆಕ್ಕ

ಪ್ರಶ್ನೆ: ನಮ್ಮ ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಎಂಟನೇ ಕ್ಲಾಸಿನ ಮಗಳು ಎರಿ ನೋಡುತ್ತಾ, "ಅಪ್ಪಾ, ಸ್ಕೇಲು ಕಂಪಾಸು ಏನೂ ಇಲ್ದೆ ಇವಕ್ಕೆ ಇಷ್ಟು ಸರಿಯಾಗಿ ಆರು ಮೂಲೆ ಹೇಗೆ ಬರುತ್ತೆ?" ಅಂತ ಕೇಳಿದಳು. ನನಗೆ ಹೇಳಲು ಆಗಲಿಲ್ಲ. ಇಂಥ ಆಕಾರಗಳಿಂದ ಪ್ರಾಣಿಗಳಿಗೆ ಬದುಕಲು ನಿಜವಾಗಿ ಉಪಯೋಗ ಇದೆಯೇ, ಇಲ್ಲಾ ನೋಡೋಕೆ ಚೆಂದ ಅಷ್ಟೇನಾ? ಪ್ರಕೃತಿಯಲ್ಲಿ ಎಲ್ಲವೂ 1.618 ಎಂಬ ಸುವರ್ಣ ಅನುಪಾತದಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಅದು ಎಷ್ಟು ನಿಜ? (ಶಿರಸಿ ಕಡೆಯ ಓದುಗರೊಬ್ಬರು)

ಉತ್ತರ: ಉಪಯೋಗ ಖಂಡಿತ ಇದೆ. ಕೆಲವು ಪ್ರಾಣಿಗಳಿಗೆ ಅದು ಉಳಿವು ಅಳಿವಿನ ಪ್ರಶ್ನೆಯೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪ್ರಾಣಿಗೆ ಮೊದಲು ಒಂದು ಕಷ್ಟ ಇರುತ್ತದೆ. ಮೇಣ ಸಾಲದು, ಮೊಟ್ಟೆಗೆ ಕಾವು ಸಾಲದು, ಬೇಟೆ ತಪ್ಪಿಸಿಕೊಳ್ಳುತ್ತದೆ, ಹಾವು ಹಿಡಿಯುತ್ತದೆ. ಆಕಾರ ಬರುವುದು ಆ ಕಷ್ಟದ ಬೆನ್ನಿಗೆ. ಆಕಾರವನ್ನಷ್ಟೇ ನೋಡಿದರೆ ಬೆರಗಾಗುತ್ತದೆ, ಅರ್ಥವಾಗುವುದಿಲ್ಲ. ಯಾವ ಕಷ್ಟಕ್ಕೆ ಈ ಆಕಾರ ಅಂತ ಕೇಳಬೇಕು.

ನಿಮ್ಮ ಪೆಟ್ಟಿಗೆಯಿಂದಲೇ ಶುರು ಮಾಡೋಣ. ಅಲ್ಲಿನ ಕಷ್ಟ ಮೇಣದ್ದು.

ಕೆಲಸಗಾರ ಜೇನಿನ ಹೊಟ್ಟೆಯ ಅಡಿಯಲ್ಲಿ ನಾಲ್ಕು ಜೋಡಿ ಮೇಣದ ಗ್ರಂಥಿಗಳಿವೆ. ಅಲ್ಲಿಂದ ಒಸರಿದ ಮೇಣ ಗಾಳಿ ತಾಗಿ ತೆಳು ಚಕ್ಕೆಯಾಗುತ್ತದೆ. ಒಂದು ಚಕ್ಕೆ ತೂಗುವುದು ಹೆಚ್ಚುಕಡಿಮೆ ಒಂದು ಮಿಲಿಗ್ರಾಂ. ಅಂದರೆ ಒಂದು ಕಿಲೋ ಮೇಣಕ್ಕೆ ಹತ್ತು ಲಕ್ಷದ ಆಸುಪಾಸು ಚಕ್ಕೆ ಬೇಕು. ಜೇನು ಅದನ್ನು ಹಿಂಗಾಲಿನಿಂದ ಕಿತ್ತು, ಬಾಯಿಗೆ ದಾಟಿಸಿ, ಜಗಿದು ಮೆತ್ತಗೆ ಮಾಡಿ ಎರಿಗೆ ಅಂಟಿಸುತ್ತದೆ. ಈ ಮೇಣ ಹುಟ್ಟುವುದು ತಿಂದ ಜೇನುತುಪ್ಪದಿಂದ. ಜೇನು ಸಾಕುವವರು ಸಾಮಾನ್ಯವಾಗಿ ಹೇಳುವ ಲೆಕ್ಕ ನಿಮಗೂ ಗೊತ್ತಿರಬಹುದು: ಒಂದು ಕಿಲೋ ಮೇಣಕ್ಕೆ 6ರಿಂದ 8 ಕಿಲೋ ತುಪ್ಪ ಖರ್ಚು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಮುಂದೆ ಹೂವಿಲ್ಲ, ಹೊರಗೆ ಹೋಗಲು ಬಿಸಿಲಿಲ್ಲ. ಸಕ್ಕರೆ ಪಾಕ ಇಡುವವರಿಲ್ಲದ ಕಾಡಿನ ಪೊಟರೆಯಲ್ಲಿ, ಗೋಡೆ ಕಟ್ಟಲು ಖರ್ಚಾದ ಪ್ರತಿ ಹನಿ ತುಪ್ಪವೂ ಆ ತಿಂಗಳುಗಳಲ್ಲಿ ಕುಟುಂಬಕ್ಕೆ ಕಡಿಮೆ ಬಿದ್ದ ಹನಿಯೇ.

ಈಗ ಆಕಾರಕ್ಕೆ ಬನ್ನಿ. ಒಂದೇ ಅಳತೆಯ, ಎಲ್ಲ ಬದಿಯೂ ಸಮ ಇರುವ ಕೋಣೆಗಳನ್ನು ಮಧ್ಯೆ ಸಂದು ಬಿಡದೆ ಜೋಡಿಸಬೇಕು ಅಂದರೆ ಮೂರೇ ಆಕಾರ ಆಗಿಬರುತ್ತವೆ: ತ್ರಿಕೋನ, ಚೌಕ, ಷಡ್ಭುಜ. ಐದು ಮೂಲೆಯದು ಕೂಡುವುದಿಲ್ಲ, ಏಳು, ಎಂಟು ಮೂಲೆಯದೂ ಕೂಡುವುದಿಲ್ಲ. ಈ ಮೂರರಲ್ಲಿ ಒಂದೇ ವಿಸ್ತೀರ್ಣಕ್ಕೆ ಯಾವುದರ ಗೋಡೆ ಕಡಿಮೆ? ಚೌಕಕ್ಕೆ 100 ಅಳತೆ ಗೋಡೆ ಬೇಕಾದರೆ ತ್ರಿಕೋನಕ್ಕೆ 114, ಷಡ್ಭುಜಕ್ಕೆ 93 ಸಾಕು. ವೃತ್ತಕ್ಕೆ ಇನ್ನೂ ಕಡಿಮೆ, ಸುಮಾರು 89. ಆದರೆ ವೃತ್ತಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ನೂರಕ್ಕೆ ಒಂಬತ್ತು ಭಾಗ ಜಾಗ ಸಂದಿನಲ್ಲಿ ಹೋಗುತ್ತದೆ. ಜೊತೆಗೆ ಪ್ರತಿ ಕೋಣೆಗೂ ಅದರದೇ ಗೋಡೆ ಬೇಕು. ಷಡ್ಭುಜದಲ್ಲಿ ಹಾಗಲ್ಲ. ಹಳೆಯ ಪೇಟೆಬೀದಿಯ ಮನೆಗಳಂತೆ ಅಕ್ಕಪಕ್ಕದವರಿಗೆ ಒಂದೇ ಗೋಡೆ. ಖರ್ಚು ಅರ್ಧಕ್ಕರ್ಧ ಇಳಿಯಿತು ಅಲ್ವಾ?

ಇದನ್ನು ರೋಮಿನ ವಾರೊ ಎಂಬ ಪಂಡಿತ ಕ್ರಿ.ಪೂ. 36ರಷ್ಟು ಹಿಂದೆಯೇ ಬರೆದಿದ್ದ. ನಾಲ್ಕನೇ ಶತಮಾನದ ಗಣಿತಜ್ಞ ಪಪ್ಪಸ್ ಕೂಡ ಇದೇ ವಾದ ಮಾಡಿದ್ದ. ಆದರೆ ಸಮ ಬದಿಯ ಆಕಾರಗಳನ್ನು ಬಿಟ್ಟು, ವಕ್ರ ಗೋಡೆ, ಬೇರೆ ಬೇರೆ ಆಕಾರ ಎಲ್ಲವನ್ನೂ ಲೆಕ್ಕಕ್ಕೆ ತಂದರೂ ಷಡ್ಭುಜವೇ ಗೆಲ್ಲುತ್ತದೆ ಎಂದು ಪೂರ್ತಿಯಾಗಿ ಸಾಧಿಸಲು 1999ರವರೆಗೆ ಕಾಯಬೇಕಾಯಿತು. ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ ಅದನ್ನು ಮಾಡಿದರು.

ಸರಿ, ಮಗಳ ಪ್ರಶ್ನೆ ಇನ್ನೂ ಉಳಿದಿದೆ. ಸ್ಕೇಲಿಲ್ಲದೆ ಹೇಗೆ? ಅವಳ ಕೈಗೆ ಒಂದೇ ಬೆಲೆಯ ಏಳು ನಾಣ್ಯ ಕೊಡಿ. ಒಂದನ್ನು ಮಧ್ಯೆ ಇಟ್ಟು ಸುತ್ತ ಉಳಿದವನ್ನು ಜೋಡಿಸಲಿ. ಸರಿಯಾಗಿ ಆರು ಕೂರುತ್ತವೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಜೇನು ಮಾಡುವುದು ಸುಮಾರಾಗಿ ಇದನ್ನೇ. ಅದು ತನ್ನ ಮೈಯ ಅಳತೆಗೆ ಕೋಣೆ ಕಟ್ಟುತ್ತದೆ. ಪಕ್ಕದಲ್ಲಿ ಇನ್ನೊಂದು ಜೇನು ತನ್ನ ಮೈಯ ಅಳತೆಗೆ ಕಟ್ಟುತ್ತದೆ. ಎಲ್ಲರ ಮೈಯೂ ಹೆಚ್ಚುಕಡಿಮೆ ಒಂದೇ ಗಾತ್ರ. ಒಂದು ಕೋಣೆಯ ಸುತ್ತ ಆರು ಕೋಣೆ ಬಂದು ಕೂರುತ್ತವೆ, ನಡುವಿನ ಗೋಡೆಯನ್ನು ಎರಡೂ ಕಡೆಯಿಂದ ತೀಡಿ ತೆಳು ಮಾಡಿದಾಗ ಅದು ನೇರವಾಗುತ್ತದೆ. ಹೊಸದಾಗಿ ಶುರುವಾದ ಕೋಣೆಗಳ ಬಾಯಿ ಹೆಚ್ಚು ಗುಂಡಗಿರುತ್ತದೆ, ಕೆಲಸ ಮುಂದುವರಿದಂತೆ ಮೂಲೆಗಳು ಮೂಡುತ್ತವೆ. ಮೇಣ ಬಿಸಿಗೆ ತಾನಾಗಿ ಹರಿದು ಹೀಗಾಗುತ್ತದೋ, ಜೇನು ತೀಡಿ ತೀಡಿ ಹೀಗೆ ಮಾಡುತ್ತದೋ ಎಂದು 2013ರಲ್ಲಿ ವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ನನ್ನ ಒಲವು ಜೇನಿನ ಕಡೆಗೆ. ಕಾರಣ ಇದೆ. ಜೇನಿನ ಆಂಟೆನಾದ ತುದಿ ತೆಗೆದು ಮಾಡಿದ ಹಳೆಯ ಪ್ರಯೋಗಗಳಲ್ಲಿ ಗೋಡೆಯ ದಪ್ಪ ಹದ ತಪ್ಪಿತ್ತು. ಆ ತುದಿಯಿಂದ ಗೋಡೆ ಮುಟ್ಟಿ ಮುಟ್ಟಿ ನೋಡಿಯೇ ಅದು ದಪ್ಪ ಕಾಯುತ್ತದೆ. ಯೂರೋಪಿನ ಜೇನು ಕಟ್ಟುವ ಗೋಡೆ 0.07 ಮಿಲಿಮೀಟರ್ ಆಸುಪಾಸು ಇರುತ್ತದೆ. ಬರೀ ಮೇಣ ಹರಿದರೆ ಇಷ್ಟು ಹದ ಬರುವುದು ಕಷ್ಟ.

ಇನ್ನೊಮ್ಮೆ ಪೆಟ್ಟಿಗೆ ತೆರೆದಾಗ ಒಂದು ಖಾಲಿ ಎರಿಯನ್ನು ಬೆಳಕಿಗೆ ಹಿಡಿದು ಕೋಣೆಯ ತಳ ನೋಡಿ. ತಳ ಚಪ್ಪಟೆ ಇರುವುದಿಲ್ಲ. ವಜ್ರಾಕಾರದ ಮೂರು ಪುಟ್ಟ ತುಂಡುಗಳು ಸೇರಿ ಒಳಗಿಳಿದ ಮೊನೆ ಆಗಿರುತ್ತದೆ. ಬೆಳಕಿಗೆ ಹಿಡಿದರೆ ಹಿಂಬದಿಯ ಗೋಡೆಗಳ ನೆರಳು ಆ ಮೂರು ತುಂಡುಗಳ ಗೆರೆಯ ಮೇಲೆಯೇ ಬೀಳುವುದು ಕಾಣುತ್ತದೆ. ಅಂದರೆ ಈ ಬದಿಯ ಒಂದು ಕೋಣೆ ಆ ಬದಿಯ ಮೂರು ಕೋಣೆಗಳ ಜೊತೆ ತಳ ಹಂಚಿಕೊಂಡಿದೆ. ಎರಡು ಬದಿಯ ಕೋಣೆಗಳು ಒಂದರೊಳಗೊಂದು ಕಚ್ಚಿ ಕೂತಿವೆ. ಮೇಣ ಉಳಿಯಿತು, ಎರಿಗೆ ಬಲವೂ ಬಂತು. ಆ ವಜ್ರದ ದೊಡ್ಡ ಕೋನ 109 ಡಿಗ್ರಿ ಮೀರಿ ಒಂದಿಷ್ಟು ಇದೆ ಎಂದು ಪ್ಯಾರಿಸ್‌ನಲ್ಲಿದ್ದ ಖಗೋಳಜ್ಞ ಮರಾಲ್ಡಿ 1712ರಲ್ಲಿ ವರದಿ ಮಾಡಿದ್ದರು. ಮೂರು ವಜ್ರದ ತಳಕ್ಕೆ ಅದೇ ಅತಿ ಮಿತವ್ಯಯದ ಕೋನ ಎಂದು 1739ರಲ್ಲಿ ಗಣಿತಜ್ಞ ಕ್ಯೋನಿಗ್ ಲೆಕ್ಕ ಹಾಕಿ ತೋರಿಸಿದರು. ಜನ ಜೇನನ್ನು ಮಹಾ ಗಣಿತಜ್ಞ ಎಂದು ಹೊಗಳಿದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1964ರಲ್ಲಿ ಹಂಗೇರಿಯ ಗಣಿತಜ್ಞ ಫೆಯೆಶ್ ತೋತ್ ಇದಕ್ಕಿಂತಲೂ ಕಡಿಮೆ ಮೇಣ ಹಿಡಿಯುವ ತಳವೊಂದಿದೆ ಎಂದು ತೋರಿಸಿದರು. ಎರಡು ಷಡ್ಭುಜ, ಎರಡು ವಜ್ರ ಸೇರಿದ ತಳ ಅದು. ಉಳಿತಾಯ ಎಷ್ಟು ಗೊತ್ತಾ? ನೂರಕ್ಕೆ ಅರ್ಧ ಭಾಗವೂ ಇಲ್ಲ. ಜೇನು ಆ ತಂಟೆಗೆ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ಅಷ್ಟು ಸಣ್ಣ ಲಾಭಕ್ಕೆ ಅಷ್ಟು ತೊಡಕಿನ ಕಟ್ಟೋಣ ಗಿಟ್ಟುವುದಿಲ್ಲ. ನನಗೆ ಈ ವಿಷಯ ಬಹಳ ಮುಖ್ಯ ಅನಿಸುತ್ತದೆ. ಪ್ರಾಣಿಲೋಕದಲ್ಲಿ ಗೆಲ್ಲುವುದು ಅತಿ ಶ್ರೇಷ್ಠ ಆಕಾರ ಅಲ್ಲ, ಕೆಲಸಕ್ಕೆ ಸಾಕಾಗುವ, ಕಟ್ಟಲು ಸುಲಭವಾದ ಆಕಾರ.

ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ನಿಮ್ಮ ಎರಿಯಲ್ಲೇ ಇದೆ. ಗಂಡು ಜೇನಿನ ಕೋಣೆ ಕೆಲಸಗಾರರದಕ್ಕಿಂತ ದೊಡ್ಡದು. ಹಾಗಾದರೆ ಸಣ್ಣ ಷಡ್ಭುಜಗಳ ಪಕ್ಕಕ್ಕೆ ದೊಡ್ಡ ಷಡ್ಭುಜಗಳನ್ನು ಕೂರಿಸುವುದು ಹೇಗೆ? ಗೆರೆ ತಪ್ಪಲೇಬೇಕು. ಅಮೆರಿಕದ ಮೈಕೆಲ್ ಸ್ಮಿತ್ ಮತ್ತು ಸಂಗಡಿಗರು ಸಾವಿರಾರು ಕೋಣೆಗಳ ಫೋಟೊ ತೆಗೆದು ಅಳೆದು 2021ರಲ್ಲಿ ತೋರಿಸಿದ್ದು ಇದನ್ನೇ: ಜೇನುಗಳು ಆ ಗಡಿ ಬರುವ ಮೊದಲೇ ಕೋಣೆಯ ಗಾತ್ರವನ್ನು ಮೆಲ್ಲಗೆ ಬದಲಿಸುತ್ತವೆ, ಬೇಕಾದಲ್ಲಿ ಐದು ಮೂಲೆಯ, ಏಳು ಮೂಲೆಯ ಕೋಣೆ ಕಟ್ಟಿ ಹೊಂದಿಸುತ್ತವೆ. ಎರಡು ವರ್ಷದ ನಂತರ ಇದೇ ತಂಡ ಬೇರೆ ಬೇರೆ ಜೇನು ಮತ್ತು ಕಣಜದ ಹುಳುಗಳ ಗೂಡು ನೋಡಿದಾಗಲೂ ಅದೇ ಉಪಾಯ ಸಿಕ್ಕಿತು. ಐದು ಮೂಲೆಯದು ಮತ್ತು ಏಳು ಮೂಲೆಯದು ಜೋಡಿಯಾಗಿ ಪಕ್ಕಪಕ್ಕ ಇರುತ್ತವೆ, ಐದರದ್ದು ಸಣ್ಣ ಕೋಣೆಗಳ ಕಡೆ, ಏಳರದ್ದು ದೊಡ್ಡ ಕೋಣೆಗಳ ಕಡೆ. ಕಣಜ ಮೇಣದಿಂದ ಕಟ್ಟುವುದಿಲ್ಲ, ಮರ ಜಗಿದು ಮಾಡಿದ ಕಾಗದದಿಂದ ಕಟ್ಟುತ್ತದೆ. ಜೇನಿಗೂ ಕಣಜಕ್ಕೂ ಈ ವಿದ್ಯೆ ಒಂದೇ ಮನೆಯಿಂದ ಬಂದದ್ದಲ್ಲ. ಒಂದೇ ಕಷ್ಟ ಎದುರಾದಾಗ ಎರಡೂ ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರಕ್ಕೆ ಬಂದಿವೆ.

ಇಷ್ಟು ಹೇಳಿ ಮಿಸರಿ ಜೇನನ್ನು ಬಿಟ್ಟರೆ ತಪ್ಪಾಗುತ್ತದೆ. ನಮ್ಮ ಗೋಡೆಸಂದುಗಳಲ್ಲಿ ಇರುವ ಈ ಮುಳ್ಳಿಲ್ಲದ ಪುಟ್ಟ ಜೇನು ಷಡ್ಭುಜ ಕಟ್ಟುವುದೇ ಇಲ್ಲ. ಮರದ ಅಂಟು ಬೆರೆಸಿದ ಮೇಣದಲ್ಲಿ ಗುಂಡು ಗುಂಡು ಕುಡಿಕೆ ಮಾಡಿ ತುಪ್ಪ ತುಂಬುತ್ತದೆ. ಅಂಟು ಹೊರಗೆ ಪುಕ್ಕಟೆ ಸಿಗುತ್ತದೆ, ಸಂಸಾರ ಚಿಕ್ಕದು, ತುಪ್ಪವೂ ಸ್ವಲ್ಪ. ಕಷ್ಟ ಬೇರೆ, ಆಕಾರವೂ ಬೇರೆ.

ಇನ್ನು ಜೇಡರ ಬಲೆ. ಚಕ್ರದಂಥ ಬಲೆ ನೋಡಿದರೆ ನಡುವಿನಿಂದ ಎಲ್ಲ ಕಡೆ ಸಮ ಇದೆ ಅನಿಸುತ್ತದೆ. ತೋಟಕ್ಕೆ ಹೋದಾಗ ಒಂದು ಬಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಎಳೆಗಳು ಕೂಡುವ ನಡುಭಾಗ ಬಲೆಯ ಸರಿಮಧ್ಯದಲ್ಲಿ ಇರುವುದಿಲ್ಲ. ಮೇಲಿನ ಭಾಗ ಚಿಕ್ಕದು, ಕೆಳಗಿನ ಭಾಗ ದೊಡ್ಡದು. ಜೇಡ ತಲೆ ಕೆಳಗೆ ಮಾಡಿ ಕೂತಿರುತ್ತದೆ. ಕಾರಣ ಸರಳ. ಹುಳು ಬಿದ್ದಾಗ ಅದು ಬಿಡಿಸಿಕೊಂಡು ಹಾರುವ ಮೊದಲು ಜೇಡ ಅಲ್ಲಿಗೆ ಓಡಬೇಕು. ಕೆಳಗೆ ಓಡುವುದು ಮೇಲೆ ಹತ್ತುವುದಕ್ಕಿಂತ ಬೇಗ. ಹಾಗಾಗಿ ಬೇಗ ತಲುಪಬಹುದಾದ ಕಡೆ ಬಲೆ ಜಾಸ್ತಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಹಳದಿ ಮಿರುಗಿನ ದೊಡ್ಡ ಬಲೆ ಕಟ್ಟುವ ನೆಫಿಲಾ ಜೇಡದಲ್ಲಿ ಇದು ಎಷ್ಟು ಎದ್ದು ಕಾಣುತ್ತದೆ ಎಂದರೆ, ನಡುಭಾಗ ಬಲೆಯ ಮೇಲಂಚಿಗೆ ಹೋಗಿಬಿಟ್ಟಿರುತ್ತದೆ.

ಕಟ್ಟುವ ಕ್ರಮದಲ್ಲೂ ಅಷ್ಟೇ ಹಿಡಿತ. ಮೊದಲು ಗಾಳಿಗೆ ಒಂದು ಎಳೆ ಬಿಟ್ಟು ಆಚೆ ಕೊಂಬೆಗೆ ಸೇತುವೆ. ಆಮೇಲೆ ಚೌಕಟ್ಟು, ನಡುವಿನಿಂದ ಹೊರಕ್ಕೆ ಅರೆಗಳು (ಚಕ್ರದ ಕಡ್ಡಿಯಂಥ ಎಳೆಗಳು). ಆಮೇಲೆ ಒಳಗಿನಿಂದ ಹೊರಕ್ಕೆ ಅಂಟಿಲ್ಲದ ಒಂದು ತಾತ್ಕಾಲಿಕ ಸುರುಳಿ, ಅದು ನಡೆದಾಡಲು. ಕೊನೆಗೆ ಹೊರಗಿನಿಂದ ಒಳಕ್ಕೆ ಬರುತ್ತಾ ಅಂಟಿನ ಸುರುಳಿ ಹಾಕುತ್ತದೆ, ಹಳೆಯ ತಾತ್ಕಾಲಿಕ ಎಳೆಯನ್ನು ಕತ್ತರಿಸುತ್ತಾ ಬರುತ್ತದೆ. ಎಳೆಯಿಂದ ಎಳೆಗೆ ಎಷ್ಟು ಅಂತರ ಎಂದು ನೋಡುವುದು ಕಾಲಿನಿಂದ. ಅರೆಗಳಿಗೆ ಅಂಟಿಲ್ಲ, ಅಲ್ಲಿ ಓಡಾಟ. ಸುರುಳಿಗೆ ಅಂಟಿದೆ, ಅಲ್ಲಿ ಬೇಟೆ. ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಿಂದು, ಅದೇ ಪ್ರೋಟೀನಿನಿಂದ ಹೊಸದನ್ನು ನೇಯುತ್ತವೆ.

ಮೇಲು ಕೆಳಗು ಎಂಬುದೇ ಇಲ್ಲದ ಕಡೆ ಬಲೆ ಹೇಗಿರುತ್ತದೆ? ಇದನ್ನೂ ನೋಡಿದ್ದಾರೆ. 1973ರಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಎರಡು ಜೇಡಗಳು ಹೋಗಿದ್ದವು. ಅರಬೆಲ್ಲಾ, ಅನಿತಾ ಎಂದು ಅವುಗಳ ಹೆಸರು. ಆ ಪ್ರಯೋಗದ ಯೋಚನೆ ಕೊಟ್ಟದ್ದು ಅಮೆರಿಕದ ಒಬ್ಬ ಹೈಸ್ಕೂಲು ಹುಡುಗಿ, ನಿಮ್ಮ ಮಗಳಿಗೆ ಇದನ್ನು ಹೇಳಲೇಬೇಕು. ಮುಂದೆ 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೆಫಿಲಾದ ಹತ್ತಿರದ ಸಂಬಂಧಿ ಜೇಡಗಳನ್ನಿಟ್ಟು ಫೋಟೊ ತೆಗೆದರು. ತೂಕವೇ ಇಲ್ಲದ ಜಾಗದಲ್ಲಿ ಬಲೆಯ ನಡು ಹೆಚ್ಚುಕಡಿಮೆ ನಡುವಿಗೇ ಬಂತು. ಆದರೆ ದೀಪ ಹತ್ತಿದ್ದಾಗ ಕಟ್ಟಿದ ಬಲೆಗಳಲ್ಲಿ ಮಾತ್ರ ಅವು ದೀಪದ ಕಡೆಯನ್ನು 'ಮೇಲೆ' ಅಂದುಕೊಂಡು, ಭೂಮಿಯ ಮೇಲಿದ್ದಂತೆಯೇ ನಡುವನ್ನು ಆ ಕಡೆ ಸರಿಸಿದ್ದವು. ಬಲೆಯ ಓರೆ ಕೈತಪ್ಪಿನಿಂದ ಬಂದದ್ದಲ್ಲ, ದಿಕ್ಕು ತಿಳಿದು ಮಾಡಿದ್ದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಮೊಟ್ಟೆಯ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕೆರೆ ಬಯಲಿನಲ್ಲಿ, ಉತ್ತ ಗದ್ದೆಯಲ್ಲಿ ಟಿಟ್ಟಿಭ ಮೊಟ್ಟೆ ಇಡುತ್ತದೆ. ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕು ಹರಳು ಕಲ್ಲು. ಸಾಮಾನ್ಯವಾಗಿ ಮೊಟ್ಟೆ ನಾಲ್ಕು. ನಾಲ್ಕರ ಚೂಪು ತುದಿಯೂ ಒಳಮುಖವಾಗಿ, ಅಗಲ ತುದಿ ಹೊರಗೆ. ಈ ಹಕ್ಕಿಯ ಮರಿ ಮೊಟ್ಟೆಯಿಂದ ಬಂದ ಒಂದೆರಡು ದಿನದೊಳಗೆ ತಾಯಿಯ ಹಿಂದೆ ಓಡಾಡಬೇಕು, ಬಯಲಲ್ಲಿ ಕೂತರೆ ನಾಯಿ ನರಿಯ ಪಾಲು. ಅಷ್ಟು ಬೆಳೆದು ಬರಬೇಕಾದರೆ ಮೊಟ್ಟೆ ದೊಡ್ಡದಿರಬೇಕು. ದೊಡ್ಡ ಮೊಟ್ಟೆ ನಾಲ್ಕಿದ್ದರೆ ಒಂದು ಹಕ್ಕಿಯ ಹೊಟ್ಟೆಯಡಿ ಕಾವು ಸಾಲದು. ಮೊನೆ ಒಳಗೆ ಮಾಡಿ ಜೋಡಿಸಿದರೆ ನಾಲ್ಕೂ ಒತ್ತಾಗಿ ಕೂತು ಹೊಟ್ಟೆಯಡಿ ಹಿಡಿಸುತ್ತವೆ. ಗುಂಡು ಮೊಟ್ಟೆಗಳು ಇಷ್ಟು ಒತ್ತಾಗಿ ಕೂರಲಾರವು.

ಹಾಗಂತ ಎಲ್ಲ ಹಕ್ಕಿಗಳ ಮೊಟ್ಟೆಯ ಆಕಾರಕ್ಕೂ ಇದೇ ಕಾರಣ ಅನ್ನಬೇಡಿ. 2017ರಲ್ಲಿ ಮೇರಿ ಸ್ಟಾಡರ್ಡ್ ಮತ್ತು ಸಂಗಡಿಗರು 1,400 ಜಾತಿಯ ಹಕ್ಕಿಗಳ ಸುಮಾರು 50,000 ಮೊಟ್ಟೆ ಅಳೆದು ನೋಡಿದಾಗ, ಚೆನ್ನಾಗಿ ಹಾರುವ ಹಕ್ಕಿಗಳ ಮೊಟ್ಟೆ ಹೆಚ್ಚು ಉದ್ದ, ಹೆಚ್ಚು ಚೂಪು ಎಂಬ ಒಲವು ಕಂಡಿತು. ಹಾರಲು ಮೈ ತೆಳ್ಳಗಾದಂತೆ ಮೊಟ್ಟೆಯೂ ಅದಕ್ಕೆ ಹೊಂದಿಕೊಂಡಿದೆ ಎಂಬುದು ಅವರ ವಿವರಣೆ. ಒಂದೇ ಆಕಾರದ ಹಿಂದೆ ಎರಡು ಮೂರು ಕಾರಣ ಇರಬಹುದು.

ಈಗ ವಾಟ್ಸಾಪ್ ಪ್ರಶ್ನೆ. ಆ ಸಂದೇಶದಲ್ಲಿ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪನ್ನು ಸೀಳಿ ತೋರಿಸಿದ ಚಿತ್ರ ಇರುತ್ತದೆ, ಅಲ್ವಾ? ಅದರ ಮೇಲೆ ಸುವರ್ಣ ಸುರುಳಿ ಎಂದು ಗೆರೆ ಎಳೆದಿರುತ್ತಾರೆ. ಅದು ಸರಿಯಲ್ಲ. ಸುವರ್ಣ ಸುರುಳಿ ಕಾಲು ಸುತ್ತಿಗೆ 1.618 ಪಟ್ಟು ಹಿಗ್ಗುತ್ತದೆ, ಅಂದರೆ ಪೂರ್ತಿ ಒಂದು ಸುತ್ತಿಗೆ ಸುಮಾರು 6.85 ಪಟ್ಟು. ನಾಟಿಲಸ್ ಚಿಪ್ಪು ಒಂದು ಸುತ್ತಿಗೆ ಹಿಗ್ಗುವುದು ಸುಮಾರು ಮೂರು ಪಟ್ಟು ಮಾತ್ರ. ಎರಡೂ ಒಂದರ ಮೇಲೊಂದು ಕೂರುವುದೇ ಇಲ್ಲ. ಚಿತ್ರ ಹಿಗ್ಗಿಸಿ ಕುಗ್ಗಿಸಿ ಹೊಂದಿಸಿರುತ್ತಾರೆ ಅಷ್ಟೇ. ಸೂರ್ಯಕಾಂತಿಯ ಬೀಜಗಳ ಜೋಡಣೆಯಲ್ಲಿ ಆ ಅನುಪಾತ ನಿಜಕ್ಕೂ ಇದೆ, ಅದಕ್ಕೆ ಗಿಡ ಬೆಳೆಯುವ ರೀತಿಯೇ ಕಾರಣ. ಆದರೆ ಎಲ್ಲ ಪ್ರಾಣಿಗಳಿಗೂ ಅದನ್ನು ಅಂಟಿಸುವುದು ಸಲ್ಲ.

ನಾಟಿಲಸ್‌ನದು ನಿಜವಾದ ವಿಶೇಷ ಬೇರೆ ಇದೆ, ಸುಳ್ಳು ಲೆಕ್ಕದ ಗದ್ದಲದಲ್ಲಿ ಅದು ಮರೆಯಾಗುತ್ತದೆ ಎಂಬುದೇ ನನ್ನ ಬೇಸರ. ಅದರ ಸುರುಳಿ ಪ್ರತಿ ಸುತ್ತಿಗೂ ಒಂದೇ ಪಟ್ಟು ಹಿಗ್ಗುತ್ತದೆ. ಇದನ್ನು ಲಘುಗಣಕ ಸುರುಳಿ ಎನ್ನುತ್ತಾರೆ. ಇದರ ಗುಣ ಏನೆಂದರೆ ಎಷ್ಟು ದೊಡ್ಡದಾದರೂ ಆಕಾರ ಬದಲಾಗುವುದಿಲ್ಲ. ಚಿಪ್ಪಿನ ಜೀವಿ ಚಿಪ್ಪು ಕಳಚಿ ಹೊಸದು ಹಾಕಿಕೊಳ್ಳಲಾರದು. ಇದ್ದ ಚಿಪ್ಪಿನ ಬಾಯಿಗೆ ಸೇರಿಸುತ್ತಾ ಹೋಗಬೇಕು. ಬಾಯಿ ಹೀಗೆ ಬೆಳೆದರೆ ಮರಿಯಿದ್ದಾಗಿನ ಮೈಯ ಹದ, ತೇಲುವ ಸಮತೋಲ ದೊಡ್ಡದಾದ ಮೇಲೂ ಕೆಡುವುದಿಲ್ಲ. ಹಿಂದೆ ಬಿಟ್ಟುಬಂದ ಕೋಣೆಗಳಿಗೆ ಅನಿಲ ತುಂಬಿಕೊಂಡು ಅದು ತೇಲುತ್ತದೆ.

ಇದೇ ಸುರುಳಿ ಆಕಾಶದಲ್ಲೂ ಇದೆ. ಪೆರಿಗ್ರಿನ್ ಡೇಗೆ ಎಂಬ ಬೇಟೆಹಕ್ಕಿಗೆ ತೀಕ್ಷ್ಣವಾಗಿ ಕಾಣುವುದು ನೇರ ಎದುರಿಗಲ್ಲ, ಸುಮಾರು 40 ಡಿಗ್ರಿ ಪಕ್ಕಕ್ಕೆ. ದೂರದ ಬೇಟೆಯನ್ನು ನೋಡಲು ತಲೆ ಪಕ್ಕಕ್ಕೆ ತಿರುಗಿಸಿದರೆ ಗಾಳಿ ತಡೆಯುತ್ತದೆ, ವೇಗ ಬೀಳುತ್ತದೆ. ತಲೆ ನೇರ ಇಟ್ಟರೆ ಬೇಟೆ ಸ್ಪಷ್ಟ ಕಾಣದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾನ್ಸ್ ಟಕರ್ 2000ದಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಲೆ ನೇರವಾಗಿಯೇ ಇಟ್ಟು, ಒಂದು ಕಣ್ಣಿನ ಪಕ್ಕದ ನೋಟದಲ್ಲಿ ಬೇಟೆಯನ್ನು ಸದಾ ಒಂದೇ ಕೋನದಲ್ಲಿ ಹಿಡಿದು ಹಾರಿದರೆ ದಾರಿ ತಾನಾಗಿ ಲಘುಗಣಕ ಸುರುಳಿ ಆಗುತ್ತದೆ. ದಾರಿ ಉದ್ದ, ಆದರೂ ತಲೆ ತಿರುಗಿಸಿ ನೇರ ಹೋಗುವುದಕ್ಕಿಂತ ಬೇಗ ತಲುಪುತ್ತದೆ. ಕಾಡಿನ ಡೇಗೆಗಳು ದೂರದಿಂದ ಬಾಗಿದ ದಾರಿಯಲ್ಲೇ ಬರುವುದನ್ನು ಅವರ ತಂಡ ದಾಖಲಿಸಿತು. ಕೊನೆಯ ಕ್ಷಣದ ದಾಳಿಗೆ ಡೇಗೆ ಬೇರೆಯೇ ನಿಯಮ ಬಳಸುತ್ತದೆ ಎಂದು 2017ರಲ್ಲಿ ಆಕ್ಸ್‌ಫರ್ಡ್‌ನವರು ಹಕ್ಕಿಯ ಮೇಲೆ ಪುಟ್ಟ ಕ್ಯಾಮೆರಾ ಕಟ್ಟಿ ತೋರಿಸಿದರು. ಬೇಟೆ ಸರಿಯುವ ಕೋನ ಎಷ್ಟು ಬೇಗ ಬದಲಾಗುತ್ತದೋ ಅದಕ್ಕೆ ತಕ್ಕಂತೆ ಅದು ತಿರುಗುತ್ತದೆ.

ಕೊನೆಯದಾಗಿ ಬಸವನಹುಳು. ಆಕಾರ ಮತ್ತು ಪ್ರಾಣ ಇಷ್ಟು ನೇರವಾಗಿ ತಳುಕು ಹಾಕಿಕೊಂಡ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಬಸವನಹುಳುವಿನ ಚಿಪ್ಪನ್ನು ಮೊನೆ ಮೇಲೆ ಮಾಡಿ, ಬಾಯಿ ನಿಮ್ಮ ಕಡೆಗಿರುವಂತೆ ಹಿಡಿಯಿರಿ. ಬಾಯಿ ಬಲಕ್ಕಿದ್ದರೆ ಬಲಸುತ್ತು, ಎಡಕ್ಕಿದ್ದರೆ ಎಡಸುತ್ತು. ಬಹುಪಾಲು ಜಾತಿಗಳು ಬಲಸುತ್ತಿನವು. (ದೇವರ ಮನೆಯ ಬಲಮುರಿ ಶಂಖ ಈ ಲೆಕ್ಕದಲ್ಲಿ ಎಡಸುತ್ತಿನದು. ನಾವು ಶಂಖವನ್ನು ತಲೆಕೆಳಗಾಗಿ ಹಿಡಿದು ನೋಡುತ್ತೇವೆ, ಅದಕ್ಕೇ ಈ ವ್ಯತ್ಯಾಸ.)

ಜಪಾನಿನ ದಕ್ಷಿಣ ತುದಿಯ ಇಶಿಗಾಕಿ, ಇರಿಯೊಮೋತೆ ದ್ವೀಪಗಳಲ್ಲಿ ಬಸವನಹುಳು ತಿಂದೇ ಬದುಕುವ ಒಂದು ಹಾವಿದೆ, ಇವಾಸಾಕಿ ಹಾವು. ಅದು ಹಿಂದಿನಿಂದ ಬಂದು, ತಲೆ ಓರೆ ಮಾಡಿ, ಕೆಳದವಡೆಯನ್ನು ಚಿಪ್ಪಿನೊಳಗೆ ತೂರಿಸುತ್ತದೆ. ಆಮೇಲೆ ದವಡೆಯ ಎಡ ಬಲ ಭಾಗಗಳನ್ನು ಒಂದಾದ ಮೇಲೊಂದು ಹಿಂದಕ್ಕೆಳೆಯುತ್ತಾ ಮಾಂಸವನ್ನು ಹೊರಗೆ ಎಳೆಯುತ್ತದೆ. ಚಿಪ್ಪು ಒಡೆಯುವುದಿಲ್ಲ, ಬಿಚ್ಚಿ ತೆಗೆದಂತೆ ತೆಗೆಯುತ್ತದೆ. ಮಸಾಕಿ ಹೋಸೋ ಎಂಬ ಸಂಶೋಧಕರು ಈ ಹಾವಿನ ಹಲ್ಲು ಎಣಿಸಿದರು. ಕೆಳದವಡೆಯ ಬಲಗಡೆ ಸುಮಾರು 25, ಎಡಗಡೆ ಸುಮಾರು 18. ಬಲಸುತ್ತಿನ ಚಿಪ್ಪಿಗೆ ಹೇಳಿ ಮಾಡಿಸಿದ ದವಡೆ. ಎಡಸುತ್ತಿನ ಹುಳು ಸಿಕ್ಕರೆ ಅದೇ ದವಡೆ ಕೈಕೊಡುತ್ತದೆ. ಹಿಡಿತ ಸಿಗುವುದಿಲ್ಲ, ಹುಳು ಜಾರಿ ಹೋಗುತ್ತದೆ. 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹಾವಿನೆದುರು ಇಟ್ಟ ಎಡಸುತ್ತಿನ ಹುಳುಗಳು ಬಹುಪಾಲು ಬದುಕಿ ಉಳಿದವು, ಬಲಸುತ್ತಿನವು ಹಾವಿನ ಹೊಟ್ಟೆ ಸೇರಿದವು. ಹಾವಿಗೆ ಈ ದವಡೆ ಬಂದದ್ದು ಬಲಸುತ್ತು ಜಾಸ್ತಿ ಇರುವುದರಿಂದ. ಹುಳುವಿಗೆ ಎಡಸುತ್ತು ಲಾಭವಾದದ್ದು ಹಾವಿಗೆ ಈ ದವಡೆ ಇರುವುದರಿಂದ.

ಹಾಗಾದರೆ ಎಲ್ಲ ಹುಳುಗಳೂ ಎಡಕ್ಕೆ ತಿರುಗಬಹುದಿತ್ತಲ್ಲ? ತಿರುಗಿಲ್ಲ, ಅದಕ್ಕೂ ಆಕಾರವೇ ಕಾರಣ. ಚಿಪ್ಪು ಎಡಕ್ಕೆ ಸುತ್ತಿದರೆ ಒಳಗಿನ ಮೈಯೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಜನನಾಂಗದ ಬಾಯಿ ಬಲಗಡೆಯ ಬದಲು ಎಡಗಡೆಗೆ ಬರುತ್ತದೆ. ಎದುರುಬದುರಾಗಿ ಕೂಡುವ ಚಪ್ಪಟೆ ಚಿಪ್ಪಿನ ಜಾತಿಗಳಲ್ಲಿ ಎಡದ್ದು ಬಲದ್ದರ ಜೊತೆ ಕೂಡಲು ಬಹಳ ಕಷ್ಟ. ಹಾವಿಲ್ಲದ ಊರಿನಲ್ಲಿ ಎಡಸುತ್ತಿನ ಹುಳು ಸಂತಾನವಿಲ್ಲದೆ ಸಾಯುತ್ತದೆ. ಹಾವಿರುವಲ್ಲಿ ಮಾತ್ರ, ಅದೂ ಅಂಥವು ಒಂದಿಷ್ಟು ಸೇರಿದರೆ, ಅವು ಪ್ರತ್ಯೇಕ ಜಾತಿಯಾಗಿ ನೆಲೆಯಾಗುತ್ತವೆ. ಇಂಥ ಹಾವುಗಳಿರುವ ಪ್ರದೇಶಗಳಲ್ಲಿ ಎಡಸುತ್ತಿನ ಜಾತಿಗಳು ಹೆಚ್ಚು ಎಂದು ಹೋಸೋ ತಂಡ ತೋರಿಸಿದೆ.

ಈ ಜೋಡಿ ಸಿಗದ ಕಷ್ಟ ಇಂಗ್ಲೆಂಡಿನಲ್ಲಿ ಒಮ್ಮೆ ಸುದ್ದಿಯಾಗಿತ್ತು. 2016ರಲ್ಲಿ ಲಂಡನ್ನಿನ ಒಂದು ಗೊಬ್ಬರದ ರಾಶಿಯಲ್ಲಿ ಎಡಸುತ್ತಿನ ತೋಟದ ಬಸವನಹುಳು ಸಿಕ್ಕಿತು. ಜೆರೆಮಿ ಎಂದು ಹೆಸರಿಟ್ಟರು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಆಂಗಸ್ ಡೇವಿಸನ್ ಅದಕ್ಕೆ ಎಡಸುತ್ತಿನ ಜೋಡಿ ಹುಡುಕಿಕೊಡಿ ಎಂದು ಜನರನ್ನು ಕೇಳಿದರು. ಎರಡು ಸಿಕ್ಕವು. 2017ರಲ್ಲಿ ಜೆರೆಮಿ ಸಾಯುವ ಮೊದಲು ಕೊನೆಗೂ ಮರಿಗಳಾದವು. ಮರಿಗಳೆಲ್ಲ ಬಲಸುತ್ತಿನವೇ! ಜಪಾನಿನ ಆ ಹುಳುಗಳಲ್ಲಿ ಸುತ್ತಿನ ದಿಕ್ಕನ್ನು ಒಂದೇ ಒಂದು ಜೀನ್ ನಿರ್ಧರಿಸುತ್ತದೆ, ಅದೂ ಮರಿಯ ಜೀನ್ ಅಲ್ಲ, ತಾಯಿಯದು. ಜೆರೆಮಿಯ ಜಾತಿಯಲ್ಲಿ ಎಡಸುತ್ತು ಹೆಚ್ಚಾಗಿ ಬೆಳವಣಿಗೆಯ ಹೊತ್ತಿನಲ್ಲಿ ಆಗುವ ಆಕಸ್ಮಿಕ ಎಂದು ಡೇವಿಸನ್ ತಂಡದ ಮುಂದಿನ ಕೆಲಸದಿಂದ ತಿಳಿಯಿತು.

ಮಳೆ ಹಿಡಿದ ಮೇಲೆ ನಿಮ್ಮ ತೋಟದಲ್ಲೂ ಬಸವನಹುಳುಗಳು ಕಾಣುತ್ತವೆ. ಬೆಳೆ ತಿನ್ನುವ ದೊಡ್ಡ ಆಫ್ರಿಕನ್ ಬಸವನಹುಳು ಬಲಸುತ್ತಿನ ಜಾತಿ. ಮಗಳು ಖಾಲಿ ಚಿಪ್ಪುಗಳನ್ನು ಆರಿಸಿ ಮೊನೆ ಮೇಲೆ ಮಾಡಿ ಒಂದೊಂದಾಗಿ ನೋಡಲಿ. ಹುಳು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು. ಬಲಸುತ್ತಿನ ಗುಂಪಿನ ನಡುವೆ ಒಂದೇ ಒಂದು ಎಡಸುತ್ತಿನದು ಸಿಕ್ಕರೆ ಎಸೆಯಬೇಡಿ. ಸಿಕ್ಕ ಜಾಗ, ತಾರೀಖು ಬರೆದಿಟ್ಟು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರಿಗೆ ತೋರಿಸಿ.